ಕೆನ್ನೆಯೊಳಗಿನ ಬಿಳಿ ಕಲೆಗೆ ಜೊಲ್ಲಿನ ಪರೀಕ್ಷೆ ಸಾಕೇ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಮೂವತ್ತು ವರ್ಷ ಮೀನುಗಾರಿಕೆ ಬೋಟಿನಲ್ಲಿ ದುಡಿದವರು, ಹೊಗೆಸೊಪ್ಪು ಸೇರಿಸಿದ ಎಲೆಯಡಿಕೆ ಬಿಟ್ಟಿರಲಾರರು. ಎಡಗೆನ್ನೆಯ ಒಳಗೆ ನಾಲ್ಕು ತಿಂಗಳಿಂದ ಬಿಳಿ ಕಲೆಯೊಂದಿದೆ, ನೋವಿಲ್ಲ. ದಂತವೈದ್ಯರು ಬಯಾಪ್ಸಿ (ಕಲೆಯ ಚಿಕ್ಕ ತುಣುಕು ಕತ್ತರಿಸಿ ತೆಗೆದು ಪರೀಕ್ಷಿಸುವುದು) ಮಾಡಿಸಲು ಹೇಳಿದ್ದಾರೆ. ಕತ್ತಿ ತಾಗಿದರೆ ರೋಗ ಹರಡುತ್ತದೆಂದು ತಂದೆ ಒಪ್ಪುತ್ತಿಲ್ಲ. ಜೊಲ್ಲಿನ ಪರೀಕ್ಷೆಯಿಂದ ಬಾಯಿಯ ಕ್ಯಾನ್ಸರ್ ಬೇಗ ತಿಳಿಯುತ್ತದೆಂದು ಓದಿದ್ದೇನೆ. ಅದಷ್ಟೇ ಮಾಡಿಸಿದರೆ ಸಾಲದೇ?
– ಓದುಗರು, ಮಲ್ಪೆ

ಉತ್ತರ: ನಿಮ್ಮ ತಂದೆಯವರಿಗೆ ಅದು ಸಾಲದು. ಎರಡು ವಾರದೊಳಗೆ ಮಾಯದ ಹುಣ್ಣನ್ನಾಗಲಿ ಕಲೆಯನ್ನಾಗಲಿ ತಜ್ಞರಿಗೆ ತೋರಿಸಬೇಕೆಂಬುದು ನಾವು ಪಾಲಿಸುವ ನಿಯಮ. ಇಲ್ಲಿ ಆಗಲೇ ನಾಲ್ಕು ತಿಂಗಳು ಕಳೆದಿವೆ. ನೋವಿಲ್ಲವೆಂದು ಸಮಾಧಾನಪಡುವಂತಿಲ್ಲ, ಏಕೆಂದರೆ ಬಾಯಿಯ ಕ್ಯಾನ್ಸರಿನ ಆರಂಭದಲ್ಲಿ ಹೆಚ್ಚಾಗಿ ನೋವಿರುವುದಿಲ್ಲ.

ಜೊಲ್ಲಿನ ಪರೀಕ್ಷೆಯ ಹಿಂದಿನ ವಿಚಾರ ಮಾತ್ರ ಗಟ್ಟಿಯಾದದ್ದು. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಈ ದ್ರವದಲ್ಲಿ ಸುಮಾರು ಶೇ 99 ನೀರೇ ಆದರೂ, ಉಳಿದ ಅಲ್ಪ ಭಾಗದಲ್ಲಿ ಪ್ರೋಟೀನುಗಳು, ಪ್ರತಿಕಾಯಗಳು, ಒಳಪೊರೆಯಿಂದ ಉದುರಿದ ಜೀವಕೋಶಗಳು ಮತ್ತು ಜೀನುಗಳ ಸಂದೇಶ ಒಯ್ಯುವ ಅವುಗಳ ಆರ್‌ಎನ್‌ಎ ತುಣುಕುಗಳು ಇರುತ್ತವೆ. ಕಲೆಯನ್ನು ಇಡೀ ದಿನ ತೊಳೆಯುತ್ತಿರುವ ದ್ರವದಲ್ಲಿ ಆ ಕಲೆಯ ಸುಳಿವು ಇರಲೇಬೇಕಲ್ಲವೇ? 2004ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಾಯಿಯ ಕ್ಯಾನ್ಸರ್ ಇರುವವರ ಜೊಲ್ಲಿನಲ್ಲಿ ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನಿನದ್ದೂ ಸೇರಿದಂತೆ ಕೆಲವು ಆರ್‌ಎನ್‌ಎಗಳ ಪ್ರಮಾಣ ಹೆಚ್ಚಿರುವುದನ್ನು ತೋರಿಸಿದ ಮೇಲೆ ಈ ಕ್ಷೇತ್ರ ವೇಗವಾಗಿ ಬೆಳೆಯಿತು.

ತೊಡಕು ಇರುವುದು ಬೇರೆ ಕಡೆ. ಇಂಟರ್‌ಲ್ಯೂಕಿನ್-8 ಉರಿಯೂತದ ಗುರುತೂ ಹೌದು. ವಸಡು ಊದಿಕೊಂಡವರಲ್ಲಿಯೂ ಅದು ಏರುತ್ತದೆ. ವರ್ಷಗಟ್ಟಲೆ ಹೊಗೆಸೊಪ್ಪು ಜಗಿದವರಲ್ಲಿ ಆರೋಗ್ಯವಾದ ವಸಡನ್ನು ನಾನು ಕಾಣುವುದು ಕಡಿಮೆ. ಮಾದರಿ ಕೊಡುವ ಮೊದಲು ತಿಂದದ್ದು, ಹಲ್ಲುಜ್ಜಿದ್ದು, ಕೊಟ್ಟ ಮೇಲೆ ಅದನ್ನು ತಂಪಾಗಿ ಇಡದೇ ಹೋದದ್ದು ಕೂಡ ಫಲಿತಾಂಶವನ್ನು ಕೆಡಿಸಬಲ್ಲದು. ಇವೆಲ್ಲ ಸರಿಯಾಗಿದ್ದರೂ ಒಂದು ಮಾತು ಉಳಿಯುತ್ತದೆ: ಕಣ್ಣಿಗೆ ಕಾಣುವ ಕಲೆ ಇರುವಾಗ ಜೊಲ್ಲಿನ ವರದಿ ‘ಇದೆ’ ಎಂದರೆ ಬಯಾಪ್ಸಿ ಬೇಕು, ‘ಇಲ್ಲ’ ಎಂದರೂ ಕಲೆ ಅಲ್ಲಿಯೇ ಇರುವುದರಿಂದ ಬಯಾಪ್ಸಿ ಬೇಕು. ಕೋಶಗಳು ಎಷ್ಟು ಕೆಟ್ಟಿವೆ, ಎಷ್ಟು ಆಳಕ್ಕೆ ಇಳಿದಿವೆ ಎಂಬುದನ್ನು ಬಯಾಪ್ಸಿಯಲ್ಲಿ ತೆಗೆದ ತುಣುಕು ಮಾತ್ರ ಹೇಳಬಲ್ಲದು. ಅಮೆರಿಕದ ದಂತವೈದ್ಯರ ಸಂಘವು 2017ರ ತನ್ನ ಮಾರ್ಗಸೂಚಿಯಲ್ಲಿ ಇಂಥ ಕಲೆಗಳಿಗೆ ಜೊಲ್ಲಿನ ಪರೀಕ್ಷೆಯನ್ನು ಶಿಫಾರಸು ಮಾಡಲಿಲ್ಲ. ಕಲೆ ಇನ್ನೂ ಮೂಡದ, ಆದರೆ ಜಗಿಯುವ ಅಭ್ಯಾಸವಿರುವವರನ್ನು ಸೋಸಿ ನೋಡಲು, ಚಿಕಿತ್ಸೆ ಮುಗಿದವರ ಮೇಲೆ ನಿಗಾ ಇಡಲು ಇದು ಮುಂದೆ ನೆರವಾದೀತೆಂಬ ಭರವಸೆ ನನಗಿದೆ.

ತಂದೆಯವರ ಭಯದ ಬಗ್ಗೆ ಹೇಳಬೇಕು, ಏಕೆಂದರೆ ನಿಜವಾದ ಅಡ್ಡಿ ಅದೇ. ರೋಗ ಬಲಿತ ಮೇಲೆ ಬರುವವರಿಗೆ ಬಯಾಪ್ಸಿ ಆದ ಕೆಲವೇ ತಿಂಗಳಲ್ಲಿ ಕೆಟ್ಟದ್ದು ಸಂಭವಿಸಿದರೆ, ಮನೆಯವರ ನೆನಪಿನಲ್ಲಿ ಉಳಿಯುವುದು ಕತ್ತಿಯೇ ಹೊರತು ಅದಕ್ಕಿಂತ ಮೊದಲು ಕಳೆದುಹೋದ ತಿಂಗಳುಗಳಲ್ಲ. ಬಯಾಪ್ಸಿಯಿಂದ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ಹಲ್ಲು ಕೀಳುವಾಗ ಕೊಡುವ ಚುಚ್ಚುಮದ್ದನ್ನೇ ಕೊಟ್ಟು, ತೊಗರಿಬೇಳೆಯಷ್ಟು ತುಣುಕು ತೆಗೆದು, ಒಂದೆರಡು ಹೊಲಿಗೆ ಹಾಕುತ್ತಾರೆ. ಅಂದೇ ಮನೆಗೆ ಬಂದು ಆರಿಸಿದ ಗಂಜಿ ಉಣ್ಣಬಹುದು.

ಒಂದು ಕೆಲಸ ಮಾಡಿ. ಎಲೆಯಡಿಕೆಯನ್ನು ಬಾಯಲ್ಲಿ ಎಲ್ಲಿ ಇಟ್ಟುಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ. ನನ್ನ ಬಳಿ ಬರುವವರು ಹೊರಗಿನಿಂದ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಕನ್ನಡಿ ಹಿಡಿದು ನೋಡಿದರೆ ಎಷ್ಟೋ ಸಲ ಕಲೆ ಸರಿಯಾಗಿ ಆ ಬೆರಳಿನ ಹಿಂದೆಯೇ ಇರುತ್ತದೆ. ಅದನ್ನು ಸ್ವತಃ ನೋಡಿದ ಮೇಲೆ ಹಲವರು ಬಯಾಪ್ಸಿಗೆ ಒಪ್ಪುತ್ತಾರೆ. ಹೊಗೆಸೊಪ್ಪನ್ನಷ್ಟೇ ಬಿಟ್ಟು ಅಡಿಕೆ ಮುಂದುವರಿಸುವುದು ಪರಿಹಾರವಲ್ಲ. ಅಡಿಕೆಯನ್ನೇ ನಂಬಿದ ನಮ್ಮ ಜಿಲ್ಲೆಗಳಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಸಾರಿದೆ. ನೆರೆಯ ಕೇರಳದ ತಿರುವನಂತಪುರದಲ್ಲಿ 1996ರಲ್ಲಿ ಆರಂಭವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬಾಯಿಯನ್ನು ಬರಿಗಣ್ಣಿನಿಂದ ನೋಡಿದ್ದರಿಂದಲೇ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು.

ಮಣಿಪಾಲ ಅಥವಾ ಮಂಗಳೂರಿನ ಯಾವುದೇ ದಂತವೈದ್ಯಕೀಯ ಕಾಲೇಜಿನ ಬಾಯಿರೋಗ ವಿಭಾಗಕ್ಕೆ ಈ ವಾರವೇ ಕರೆದುಕೊಂಡು ಹೋಗಿ. ಆಗಲೂ ಒಪ್ಪದಿದ್ದರೆ ಬ್ರಷ್‌ನಿಂದ ಉಜ್ಜಿ ಕೋಶಗಳನ್ನು ತೆಗೆಯುವ ಪರೀಕ್ಷೆಯನ್ನು ಕೇಳಬಹುದು. ಅದರಲ್ಲಿ ದೋಷ ಕಾಣದಿದ್ದರೂ ಕಲೆ ಉಳಿದಿರುವವರೆಗೆ ನಿಗಾ ತಪ್ಪಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ತಾವಾಗಿ ನಿಲ್ಲಿಸದೆ ಚೀಟಿಯನ್ನು ವೈದ್ಯರಿಗೆ ತೋರಿಸಿ.