ಜಪಾನ್ ಕಮ್ಯುನಿಸ್ಟ್ ಪಕ್ಷವನ್ನು ದಶಕಗಟ್ಟಲೆ ನಡೆಸಿದ ಮಿಯಾಮೊಟೊ ಕೆಂಜಿ ಯಾರು?

ಅವರು ಮೊದಲು ಹೆಸರಾದದ್ದು ಸಾಹಿತ್ಯ ವಿಮರ್ಶಕರಾಗಿ. ಕಥೆಗಾರ ಅಕುತಗಾವಾ ಕುರಿತ ಪ್ರಬಂಧಕ್ಕೆ 1929ರಲ್ಲಿ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು, ಆಗಿನ್ನೂ ವಿದ್ಯಾರ್ಥಿ! 1931ರಲ್ಲಿ ಪಕ್ಷ ಸೇರಿದರು. ಪಕ್ಷವೇ ಆಗ ಕಾನೂನುಬಾಹಿರ. 1933ರ ಡಿಸೆಂಬರ್‌ನಲ್ಲಿ ಬಂಧನವಾಯಿತು, ಆಮೇಲೆ ಜೀವಾವಧಿ ಶಿಕ್ಷೆ. ಸುಮಾರು ಹನ್ನೆರಡು ವರ್ಷ ಸೆರೆಯಲ್ಲಿದ್ದರೂ ನಿಲುವು ಬದಲಿಸಲಿಲ್ಲ. ಲೇಖಕಿಯಾಗಿದ್ದ ಪತ್ನಿ ಯುರಿಕೊ ಜೊತೆ ಪತ್ರಗಳಲ್ಲೇ ಸಂಸಾರ. ಯುದ್ಧ ಸೋತ ಮೇಲೆ, 1945ರ ಅಕ್ಟೋಬರ್‌ನಲ್ಲಿ, ಉತ್ತರದ ಅಬಾಶಿರಿ ಜೈಲಿನಿಂದ ಬಿಡುಗಡೆಯಾದರು.

1958ರಲ್ಲಿ ಪ್ರಧಾನ ಕಾರ್ಯದರ್ಶಿಯಾದರು. ಸಶಸ್ತ್ರ ಹೋರಾಟದ ದಾರಿ ಬಿಟ್ಟು ಚುನಾವಣೆಯತ್ತ ಪಕ್ಷವನ್ನು ತಿರುಗಿಸಿದ್ದೂ, 1960ರ ದಶಕದಲ್ಲಿ ಮಾಸ್ಕೋ, ಬೀಜಿಂಗ್ ಎರಡರ ಹಂಗನ್ನೂ ಕಳಚಿದ್ದೂ ಅವರ ದೊಡ್ಡ ಕೆಲಸ ಎಂದು ನನ್ನ ಅಭಿಪ್ರಾಯ. ಪಕ್ಷದೊಳಗೆ ಭಿನ್ನಮತವನ್ನು ಮಾತ್ರ ಅಷ್ಟಾಗಿ ಸಹಿಸುತ್ತಿರಲಿಲ್ಲ. 1977ರಿಂದ 1989ರವರೆಗೆ ಮೇಲ್ಮನೆ ಸದಸ್ಯರಾಗಿದ್ದರು. 1997ರಲ್ಲಿ ನಾಯಕತ್ವ ಬಿಟ್ಟರು. 2007ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು.