ನಿಮ್ಮ ಟ್ಯೂನಾ ಲೇಖನದಲ್ಲಿ ಬಲೆಯೇ ಇಲ್ಲ

ಮಾನ್ಯರೇ,

ಟ್ಯೂನಾ ಡಬ್ಬಿಯ ಮೇಲಿನ ‘ಡಾಲ್ಫಿನ್ ಸೇಫ್’ (ಡಾಲ್ಫಿನ್‌ಗಳಿಗೆ ಹಾನಿಯಾಗದಂತೆ ಹಿಡಿದ ಮೀನು ಎಂಬ) ಲೇಬಲ್ಲಿಗಾಗಿ ಅಮೆರಿಕ ಮತ್ತು ಮೆಕ್ಸಿಕೊ ನಡೆಸಿದ ವ್ಯಾಜ್ಯವನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಹಿಡಿತದಲ್ಲಿದೆ; ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು.

‘2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಡಾಲ್ಫಿನ್‌ಗಳನ್ನು ಕೈಬಿಟ್ಟಿತು’ ಎಂದು ಬರೆದು ನೀವು ಅಲ್ಲಿಗೇ ನಿಂತಿದ್ದೀರಿ. ಆ ವರ್ಷ ಸಂಸ್ಥೆಯ ಮೇಲ್ಮನವಿ ಮಂಡಳಿ ಹಾಗೆ ಹೇಳಲಿಲ್ಲ. ಡಾಲ್ಫಿನ್‌ಗಳನ್ನು ಸುತ್ತುವರಿದು ಹಿಡಿದ ಮೀನಿಗೆ ಅಮೆರಿಕ ಲೇಬಲ್ ನಿರಾಕರಿಸಿದ್ದನ್ನೇ ಅದು ತಪ್ಪೆನ್ನದೆ, ಪೂರ್ವ ಪೆಸಿಫಿಕ್‌ನ ಉಷ್ಣವಲಯದಲ್ಲಿ ಬಿಗಿಯಾಗಿದ್ದ ನಿಯಮವು ಬೇರೆ ಸಮುದ್ರಗಳಲ್ಲಿ ಬೇರೆ ಮೀನುಗಾರಿಕೆ ವಿಧಾನಗಳಿಗೆ ಬಲಿಯಾಗುವ ಡಾಲ್ಫಿನ್‌ಗಳ ವಿಷಯದಲ್ಲಿ ಸಡಿಲವಾಗಿದ್ದುದನ್ನು ತಾರತಮ್ಯವೆಂದಿತು. ಅಮೆರಿಕ 2013ರಲ್ಲಿ ಮಾಡಿದ ತಿದ್ದುಪಡಿಯೂ ಸಾಲದಾದ ಕಾರಣ, ಮೆಕ್ಸಿಕೊ ಅದರ ವಿರುದ್ಧ ವರ್ಷಕ್ಕೆ ಸುಮಾರು 16.3 ಕೋಟಿ ಡಾಲರ್ ಮೊತ್ತದ ವ್ಯಾಪಾರ ಪ್ರತಿಕ್ರಮ ಕೈಗೊಳ್ಳಬಹುದೆಂದು 2017ರಲ್ಲಿ ತೀರ್ಮಾನವಾಯಿತು. ಆದರೆ 2016ರಲ್ಲಿ ಮತ್ತೆ ತಿದ್ದಿದ ನಿಯಮವನ್ನು ಅದೇ ಮಂಡಳಿ 2018ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಅಂದರೆ ನೀವು ಸೋತಿತೆಂದ ಪಕ್ಷವೇ ಕೊನೆಗೆ ಗೆದ್ದಿದೆ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಲೇಖನದಲ್ಲಿ ಬಲೆಯ ಮಾತೇ ಇಲ್ಲ. ಪೂರ್ವ ಪೆಸಿಫಿಕ್‌ನಲ್ಲಿ ಹಳದಿ ರೆಕ್ಕೆಯ ದೊಡ್ಡ ಟ್ಯೂನಾ ಡಾಲ್ಫಿನ್ ಹಿಂಡಿನ ಅಡಿಯಲ್ಲೇ ಸಾಗುವುದರಿಂದ, ವೇಗದ ದೋಣಿಗಳು ಹಿಂಡನ್ನು ಅಟ್ಟಿ ಒಂದೆಡೆ ಸೇರಿಸುತ್ತವೆ. ಹಡಗು ಸುತ್ತಲೂ ಬಲೆ ಬಿಟ್ಟು ಅದರ ಬುಡವನ್ನು ಬಿಗಿಯುತ್ತದೆ. ಮಲ್ಪೆಯ ಪರ್ಸೀನ್ ಬೋಟುಗಳನ್ನು ಕಂಡ ನಮ್ಮ ಓದುಗರಿಗೆ ಇಷ್ಟು ಹೇಳಿದರೆ ಸಾಕು. ಆಮೇಲಿನದು ಅವರಿಗೂ ಹೊಸತು: ಮೀನನ್ನು ಮೇಲೆತ್ತುವ ಮೊದಲು ಹಡಗು ಹಿಂದಕ್ಕೆ ಚಲಿಸುತ್ತದೆ, ಬಲೆಯ ತೇಲುಬಿಲ್ಲೆಗಳ ಸಾಲು ಒಂದು ತುದಿಯಲ್ಲಿ ನೀರೊಳಗೆ ತಗ್ಗುತ್ತದೆ, ಡಾಲ್ಫಿನ್‌ಗಳು ಅದರ ಮೇಲಿಂದ ಜಾರಿ ಹೊರಹೋಗುತ್ತವೆ.

ವಾದವೆಲ್ಲ ಇರುವುದು ಇಲ್ಲಿಯೇ. ದೊಡ್ಡ ಹಡಗುಗಳಲ್ಲೆಲ್ಲ ವೀಕ್ಷಕರಿದ್ದಾರೆ, 1986ರಲ್ಲಿ ಲಕ್ಷ ದಾಟಿದ್ದ ಡಾಲ್ಫಿನ್ ಸಾವುಗಳು ಬಹುಪಾಲು ನಿಂತಿವೆ ಎಂಬುದು ಮೆಕ್ಸಿಕೊದ ಪಕ್ಷ. ಬಲೆಯಲ್ಲಿ ಒಂದೂ ಸಾಯದಿದ್ದರೂ, ಅಟ್ಟುವಿಕೆಯಿಂದಲೇ ಮರಿಗಳು ತಾಯಿಯಿಂದ ಬೇರ್ಪಡುತ್ತವೆ ಎಂಬುದು ಅಮೆರಿಕದ ಪಕ್ಷ. ಎರಡಕ್ಕೂ ತೂಕವಿರುವಾಗ, ಮೆಕ್ಸಿಕೊದ ಮೀನುಗಾರರನ್ನು ‘ಕಟುಕರು’ ಎಂದು ಕರೆದು ಮುಂದೆ ಸಾಗಿರುವುದು ಬರೀ ಆವೇಶವಾಯಿತು.

1991ರ ಗ್ಯಾಟ್ (ವಿಶ್ವ ವ್ಯಾಪಾರ ಸಂಸ್ಥೆಗೂ ಮುಂಚಿನ ವ್ಯಾಪಾರ ಒಪ್ಪಂದ) ಪ್ರಕರಣವನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ತಪ್ಪೆನಿಸಿದ್ದು ಆಮದು ನಿಷೇಧ, ಲೇಬಲ್ ಅಲ್ಲ. ಕೊನೆಯ ಎರಡು ಪುಟಗಳ ಕಡಲವರ್ಣನೆಯನ್ನು ತೆಗೆದು, ಬಲೆಯಿಂದಲೇ ಆರಂಭಿಸಿ, 2018ರವರೆಗೆ ಬರೆದು ಮತ್ತೆ ಕಳುಹಿಸಿ.

ಇತಿ,
ಸಂಪಾದಕ