ಶಸ್ತ್ರಚಿಕಿತ್ಸೆಯ ವೇಳೆ ಸುಟ್ಟಗಾಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಾಯಿಯವರಿಗೆ ಇತ್ತೀಚೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ನಡೆಯಿತು. ವಾರ್ಡಿಗೆ ಕರೆತಂದ ಮೇಲೆ ನೋಡಿದರೆ ತೊಡೆಯ ಮೇಲೆ ಸುಟ್ಟಗಾಯವಿತ್ತು. ವಿಚಾರಿಸಿದಾಗ, ಯಂತ್ರದಿಂದ ಒಮ್ಮೊಮ್ಮೆ ಹೀಗಾಗುವುದುಂಟು ಎಂದಷ್ಟೇ ಹೇಳಿದರು. ಕೊಯ್ದದ್ದು ಹೊಟ್ಟೆಯನ್ನು, ಸುಟ್ಟದ್ದು ತೊಡೆ. ಇದು ಹೇಗೆ ಸಾಧ್ಯ?

ಉತ್ತರ: ಗಾಯವನ್ನು ಕಾಣದೆ ಕಾರಣವನ್ನು ಖಚಿತವಾಗಿ ಹೇಳಲಾಗದು. ಆದರೆ ಗಾಯವಾದ ಜಾಗ ತೊಡೆಯಾದ್ದರಿಂದ ಮೊದಲು ಸಂಶಯಪಡಬೇಕಾದದ್ದು ಅಲ್ಲಿ ಅಂಟಿಸಿದ್ದಿರಬಹುದಾದ, ಯಂತ್ರದ ವಿದ್ಯುತ್ತು ಮರಳಿಹೋಗುವ ಪ್ಲೇಟನ್ನು. ಅಂಗಾಂಶವನ್ನು ಕತ್ತರಿಸಲು ಮತ್ತು ರಕ್ತಸ್ರಾವವನ್ನು ನಿಲ್ಲಿಸಲು ವಿದ್ಯುತ್ತನ್ನು ಬಳಸುವ ಯಂತ್ರವನ್ನು ಓಟಿಯಲ್ಲಿ (ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ) ಎಲ್ಲರೂ ಕಾಟರಿ ಎನ್ನುತ್ತಾರೆ. 1926ರಲ್ಲಿ ಬಾಸ್ಟನ್ನಿನಲ್ಲಿ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್ ಅವರು ವಿಲಿಯಂ ಬೋವಿ ರೂಪಿಸಿದ ಯಂತ್ರವನ್ನು ಬಳಸಿದ ಮೇಲೆ ಈ ವಿಧಾನ ಎಲ್ಲೆಡೆ ಹರಡಿತು. ಅದರ ಮಾನೋಪೋಲಾರ್ ಬಗೆಯಲ್ಲಿ ವಿದ್ಯುತ್ತು ವೈದ್ಯರ ಕೈಯಲ್ಲಿರುವ, ‘ಪೆನ್ಸಿಲ್’ ಎನ್ನುವ ಉಪಕರಣದ ತುದಿಯಿಂದ ದೇಹವನ್ನು ಹೊಕ್ಕು, ದೇಹದೊಳಗೇ ಹರಿದು, ತೊಡೆಗೋ ಪೃಷ್ಠಕ್ಕೋ ಅಂಟಿಸಿದ ಅಗಲವಾದ ಪ್ಲೇಟಿನ ಮೂಲಕ ಯಂತ್ರಕ್ಕೆ ಮರಳುತ್ತದೆ.

ಇಷ್ಟೆಲ್ಲ ಹರಿದರೂ ರೋಗಿಗೆ ಶಾಕ್ ಹೊಡೆಯದಿರಲು ಕಾರಣ ಆವರ್ತನ. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಅಥವಾ 60 ಸಲ ಹಿಂದೆ ಮುಂದೆ ಹರಿದರೆ (ಅಂದರೆ 50 ಅಥವಾ 60 ಹರ್ಟ್ಸ್) ಕಾಟರಿಯ ವಿದ್ಯುತ್ತಿನ ಆವರ್ತನ ಸಾಮಾನ್ಯವಾಗಿ 3 ಲಕ್ಷ ಹರ್ಟ್ಸ್‌ಗಿಂತ ಮೇಲಿರುತ್ತದೆ. ಅಷ್ಟು ವೇಗಕ್ಕೆ ನರಗಳೂ ಸ್ನಾಯುಗಳೂ ಸ್ಪಂದಿಸುವುದಿಲ್ಲ. ಉಳಿಯುವುದು ಶಾಖ ಮಾತ್ರ. ತುದಿಯಲ್ಲೂ ಪ್ಲೇಟಿನಲ್ಲೂ ಹಾಯುವ ವಿದ್ಯುತ್ತು ಒಂದೇ ಪ್ರಮಾಣದ್ದು. ತುದಿ ಅತಿ ಸಣ್ಣದಾದ್ದರಿಂದ ಅಲ್ಲಿ ಸುಡುತ್ತದೆ, ಪ್ಲೇಟ್ ಅಗಲವಾದ್ದರಿಂದ ಅಲ್ಲಿ ಚರ್ಮ ತುಸು ಬೆಚ್ಚಗಾಗಿ ಸುಮ್ಮನಾಗುತ್ತದೆ. ಪ್ಲೇಟ್ ಅರ್ಧ ಕಿತ್ತುಬಂದಿದ್ದರೆ, ಅಷ್ಟೇ ವಿದ್ಯುತ್ತು ಅರ್ಧ ಜಾಗದಲ್ಲಿ ಹಾಯಬೇಕಾಗುತ್ತದೆ. ಶಾಖವು ವಿದ್ಯುತ್ತಿನ ಸಾಂದ್ರತೆಯ (ಪ್ರತಿ ಚದರ ಸೆಂಟಿಮೀಟರಿನಲ್ಲಿ ಹಾಯುವ ವಿದ್ಯುತ್ತಿನ) ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅಂಟಿಕೊಂಡು ಉಳಿದ ಚರ್ಮದ ಪ್ರತಿ ಚದರ ಸೆಂಟಿಮೀಟರಿನಲ್ಲಿ ಹುಟ್ಟುವ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅರಿವಳಿಕೆಯಲ್ಲಿರುವವರು ಉರಿಯುತ್ತಿದೆ ಎಂದು ಹೇಳಲಾರರು. ಪ್ಲೇಟ್ ಸರಿಯಾಗಿ ಅಂಟಿದ್ದರೆ ಈ ಗಾಯ ಬಹುಮಟ್ಟಿಗೆ ತಪ್ಪುತ್ತದೆ, ಆದ್ದರಿಂದ ‘ಒಮ್ಮೊಮ್ಮೆ ಹೀಗಾಗುವುದುಂಟು’ ಎಂಬ ಉತ್ತರಕ್ಕೆ ನೀವು ಸಮಾಧಾನಪಡಬೇಕಿಲ್ಲ. ಪ್ಲೇಟನ್ನು ಎಲ್ಲಿ ಅಂಟಿಸಿದ್ದರು, ತೆಗೆಯುವಾಗ ಚರ್ಮ ಹೇಗಿತ್ತು ಎಂಬುದನ್ನು ಓಟಿಯ ದಾಖಲೆಯಲ್ಲಿ ಬರೆದಿದ್ದಾರೆಯೇ ಎಂದು ಕೇಳಿ.

ಪ್ರಶ್ನೆ: ನಾನು ಓಟಿ ತಂತ್ರಜ್ಞೆಯಾಗಿ ಹೊಸದಾಗಿ ಸೇರಿದ್ದೇನೆ. ಪ್ಲೇಟನ್ನು ಎಲ್ಲಿ ಅಂಟಿಸಬೇಕೆಂಬ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಡುವೆ ‘ಕಾಟರಿ ಕೆಲಸ ಮಾಡುತ್ತಿಲ್ಲ, ಪವರ್ ಏರಿಸಿ’ ಎಂದು ವೈದ್ಯರು ಹೇಳಿದಾಗ ಏರಿಸುವುದೇ ಸರಿಯೇ?

ಉತ್ತರ: ಎರಡನೆಯದು ಹೆಚ್ಚು ಮುಖ್ಯವಾದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಂದಿನ ಪವರ್‌ನಲ್ಲಿ ಎಂದಿನ ಫಲ ಸಿಗದಿದ್ದರೆ, ವಿದ್ಯುತ್ತಿನ ದಾರಿಯಲ್ಲಿ ಎಲ್ಲೋ ತಡೆಯಿದೆ ಎಂದೇ ಮೊದಲು ಭಾವಿಸಬೇಕು. ಪ್ಲೇಟ್ ಕಿತ್ತುಬಂದಿರಬಹುದು, ತಂತಿ ಸಡಿಲವಾಗಿರಬಹುದು, ಪೆನ್ಸಿಲಿನ ತುದಿಗೆ ಕರಿ ಹಿಡಿದಿರಬಹುದು. ಇದಾವುದನ್ನೂ ನೋಡದೆ ಪವರ್ ಏರಿಸಿದರೆ ಉಳಿದಿರುವ ಕಿರಿದಾದ ಸಂಪರ್ಕದ ಮೂಲಕ ಇನ್ನಷ್ಟು ವಿದ್ಯುತ್ತನ್ನು ನಾವೇ ತಳ್ಳಿದಂತಾಗುತ್ತದೆ. ‘ಸರ್, ಒಂದು ನಿಮಿಷ, ಪ್ಲೇಟ್ ನೋಡುತ್ತೇನೆ’ ಎನ್ನಲು ಹೊಸಬರು ಹಿಂಜರಿಯುತ್ತಾರೆ. ಆ ಮಾತನ್ನು ಹೇಳುವ ಅಧಿಕಾರ ನಿಮಗಿದೆ, ಹೇಳುವುದು ನಿಮ್ಮ ಕರ್ತವ್ಯವೂ ಹೌದು. ರೋಗಿಯ ಭಂಗಿಯನ್ನು ಬದಲಿಸಿದ ಪ್ರತಿ ಸಲವೂ, ಯಾರೂ ಹೇಳದಿದ್ದರೂ, ಪ್ಲೇಟನ್ನು ಮತ್ತೊಮ್ಮೆ ನೋಡಬೇಕು.

ಎರಡು ಭಾಗಗಳಿರುವ ಪ್ಲೇಟನ್ನು ಹೊಂದಿಕೆಯಾಗುವ ಯಂತ್ರಕ್ಕೆ ಜೋಡಿಸಿದರೆ, ಯಂತ್ರವು ಆ ಎರಡು ಭಾಗಗಳ ನಡುವಿನ ತಡೆಯನ್ನು ಸತತವಾಗಿ ಅಳೆಯುತ್ತಾ, ಸಂಪರ್ಕ ಕೆಟ್ಟ ಕೂಡಲೇ ಅಲಾರಂ ಕೂಗಿಸಿ ವಿದ್ಯುತ್ತನ್ನು ನಿಲ್ಲಿಸುತ್ತದೆ. ಇಡಿಯಾದ ಒಂದೇ ಹಾಳೆಯ ಪ್ಲೇಟಿನಲ್ಲಿ ಈ ರಕ್ಷಣೆಯಿಲ್ಲ. ಅಲ್ಲಿ ಯಂತ್ರಕ್ಕೆ ಗೊತ್ತಾಗುವುದು ತಂತಿ ತುಂಡಾಗಿದೆಯೇ ಎಂಬುದಷ್ಟೆ. ಪ್ಲೇಟ್ ಚರ್ಮಕ್ಕೆ ಅಂಟಿದೆಯೋ ಹಾಸಿಗೆಯ ಮೇಲೆ ಬಿದ್ದಿದೆಯೋ ಅದಕ್ಕೆ ತಿಳಿಯದು. ಅಲಾರಂ ಕೂಗಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎನ್ನುವ ವಾದ ಈ ಬಗೆಯ ಪ್ಲೇಟಿನ ಮಟ್ಟಿಗೆ ನಿಲ್ಲುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆಯಲ್ಲಿ 700 ಮಿಲಿಆಂಪಿಯರ್ ವಿದ್ಯುತ್ತನ್ನು 60 ಸೆಕೆಂಡು ಹರಿಸಿದಾಗ ಪ್ಲೇಟಿನ ಅಡಿಯ ತಾಪ 6 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಬಾರದು. ಪೂರ್ತಿ ಅಂಟಿದ ಪ್ಲೇಟಿಗಷ್ಟೇ ಈ ಭರವಸೆ ಅನ್ವಯಿಸುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಶಸ್ತ್ರಚಿಕಿತ್ಸೆಯ ಸ್ಥಳಕ್ಕೆ ಆದಷ್ಟು ಹತ್ತಿರವಿರುವ, ರಕ್ತಸಂಚಾರ ಚೆನ್ನಾಗಿರುವ, ದಪ್ಪ ಸ್ನಾಯುವಿನ ಭಾಗವನ್ನು ಆರಿಸಿಕೊಳ್ಳಿ. ರಕ್ತವು ಶಾಖವನ್ನು ಹೊತ್ತೊಯ್ಯುತ್ತದೆ. ಎಲುಬು ಉಬ್ಬಿದ ಕಡೆ, ಹಳೆಯ ಗಾಯದ ಕಲೆಯಿರುವ ಕಡೆ ಆ ಅನುಕೂಲ ಇರದು. ಒಳಗೆ ಲೋಹದ ಕೃತಕ ಕೀಲು ಇರುವ ಕಡೆಯೂ ಬೇಡ. ಕೂದಲಿದ್ದರೆ ತೆಗೆದು, ಚರ್ಮವನ್ನು ಒರೆಸಿ ಒಣಗಿಸಿ, ಶಸ್ತ್ರಚಿಕಿತ್ಸೆಗೆ ಮುನ್ನ ಬಳಿಯುವ ದ್ರಾವಣ ಹರಿದುಬಂದು ಅಡಿಯಲ್ಲಿ ನಿಲ್ಲದಂತೆ ನೋಡಿಕೊಳ್ಳಿ. ಪ್ಲೇಟನ್ನು ಕತ್ತರಿಸಿ ಚಿಕ್ಕದು ಮಾಡುವುದು, ಒಮ್ಮೆ ಕಿತ್ತ ಪ್ಲೇಟನ್ನು ಮತ್ತೆ ಅಂಟಿಸುವುದು, ಮಗುವಿಗೆ ವಯಸ್ಕರ ಪ್ಲೇಟನ್ನು ಮಡಚಿ ಹಾಕುವುದು ಇವೆಲ್ಲ ಉಳಿತಾಯದ ಹೆಸರಿನಲ್ಲಿ ನಡೆಯುವ ಅಪಾಯಕಾರಿ ರೂಢಿಗಳು.

ಪ್ರಶ್ನೆ: ಶಸ್ತ್ರಚಿಕಿತ್ಸೆಗೆ ಮುನ್ನ ಉಂಗುರ, ಬಳೆಗಳನ್ನು ತೆಗೆಸುವುದು ಕಳವಿನ ಭಯದಿಂದಲೇ?

ಉತ್ತರ: ಅದೂ ಒಂದು ಕಾರಣವಿರಬಹುದು, ಆದರೆ ವಿದ್ಯುತ್ತಿನ ಕಾರಣ ಬೇರೆಯೇ ಇದೆ. ಭೂಸಂಪರ್ಕವನ್ನು ಆಧರಿಸಿದ ಹಳೆಯ ಯಂತ್ರಗಳಲ್ಲಿ ವಿದ್ಯುತ್ತು ಪ್ಲೇಟನ್ನು ಬಿಟ್ಟು, ರೋಗಿಯ ಕೈ ಅಥವಾ ಕೈಯ ಉಂಗುರ, ಬಳೆ ತಾಗಿದ ಮೇಜಿನ ಕಬ್ಬಿಣದ ಅಂಚಿನಿಂದಲೋ ಇಸಿಜಿಯ ಚಿಕ್ಕ ಎಲೆಕ್ಟ್ರೋಡಿನಿಂದಲೋ ಹೊರಹೋಗಬಹುದಿತ್ತು, ಆ ಚಿಕ್ಕ ಬಿಂದುವಿನಲ್ಲಿ ಸುಡುತ್ತಿತ್ತು. ಭೂಸಂಪರ್ಕದಿಂದ ಪ್ರತ್ಯೇಕಿಸಿದ ಈಗಿನ ಯಂತ್ರಗಳು ಈ ಅಪಾಯವನ್ನು ಬಹಳ ತಗ್ಗಿಸಿವೆ, ಪೂರ್ತಿ ಅಳಿಸಿಲ್ಲ. ಆದ್ದರಿಂದ ದೇಹ ಮೇಜಿನ ಲೋಹಕ್ಕೆ ತಾಗದಂತೆ, ಬೆರಳುಗಳು ತೊಡೆಗೆ ಒತ್ತಿಕೊಳ್ಳದಂತೆ ನಡುವೆ ಒಣಬಟ್ಟೆ ಇರಿಸುತ್ತಾರೆ, ಇಸಿಜಿ ಎಲೆಕ್ಟ್ರೋಡುಗಳನ್ನು ಶಸ್ತ್ರಚಿಕಿತ್ಸೆಯ ಸ್ಥಳದಿಂದ ದೂರ ಅಂಟಿಸುತ್ತಾರೆ. ಊದಿಕೊಳ್ಳುವ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡು ರಕ್ತಸಂಚಾರಕ್ಕೆ ಅಡ್ಡಿಯಾಗುವುದೂ ಉಂಟು.

ಪ್ರಶ್ನೆ: ಕಾಟರಿಯಿಂದ ಬೆಂಕಿ ಹೊತ್ತಿಕೊಳ್ಳಬಹುದೇ?

ಉತ್ತರ: ಹೊತ್ತಿಕೊಳ್ಳಬಹುದು. ಕಿಡಿ ಕಾಟರಿಯದು, ಇಂಧನ ಸ್ಪಿರಿಟ್ ಇರುವ ದ್ರಾವಣ ಅಥವಾ ಹೊದಿಸಿದ ಬಟ್ಟೆ, ಇವಕ್ಕೆ ಆಮ್ಲಜನಕವೂ ಸೇರಿದರೆ ಸಾಕು. ಕೂದಲಿಲ್ಲದ ಚರ್ಮದ ಮೇಲೆ ಇಂಥ ದ್ರಾವಣ ಆರಲು ಕನಿಷ್ಠ 3 ನಿಮಿಷ ಬೇಕು. ಕೂದಲಿರುವಲ್ಲಿ ಒಂದು ಗಂಟೆಯವರೆಗೂ ಹಿಡಿಯಬಹುದು. ಹೊಕ್ಕುಳಲ್ಲೋ ಬೆನ್ನಿನಡಿಯ ಬಟ್ಟೆಯಲ್ಲೋ ನಿಂತದ್ದನ್ನು ಒರೆಸಿ ತೆಗೆಯಬೇಕು. ಮುಖ ಮತ್ತು ಕುತ್ತಿಗೆಯ ಶಸ್ತ್ರಚಿಕಿತ್ಸೆಯಲ್ಲಿ ಮಾಸ್ಕಿನಿಂದ ಆಮ್ಲಜನಕ ಕೊಡುವಾಗ ಅದರ ಪ್ರಮಾಣವನ್ನು ಸಾಧ್ಯವಾದಷ್ಟು ಶೇಕಡಾ 30ಕ್ಕಿಂತ ಕೆಳಗಿಡುತ್ತಾರೆ. ಬಳಸದಿರುವಾಗ ಪೆನ್ಸಿಲನ್ನು ರೋಗಿಯ ಮೈಮೇಲೆ ಇಡದೆ ಅದರ ಗೂಡಿನಲ್ಲಿಯೇ ಇಡಬೇಕು, ಏಕೆಂದರೆ ಫುಟ್‌ಸ್ವಿಚ್ಚನ್ನು ಯಾರೋ ಗೊತ್ತಿಲ್ಲದೆ ತುಳಿದರೂ ತುದಿ ಸುಡುತ್ತದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯಾದ ಎರಡು ದಿನಗಳ ಬಳಿಕ ನನ್ನ ತಂದೆಯವರ ಬೆನ್ನಿನ ಕೆಳಗೆ ಕೆಂಪು ಗಾಯ ಕಾಣಿಸಿತು. ಇದೂ ಕಾಟರಿಯ ಸುಟ್ಟಗಾಯವೇ?

ಉತ್ತರ: ಇರಲಾರದು ಎಂದೇ ಹೆಚ್ಚಿನ ಸಂಭವ. ಕಾಟರಿಯ ಗಾಯ ಸಾಮಾನ್ಯವಾಗಿ ಪ್ಲೇಟ್ ತೆಗೆದ ಕೂಡಲೇ ಕಾಣುತ್ತದೆ, ಪ್ಲೇಟ್ ಇದ್ದ ಜಾಗದಲ್ಲೇ ಇರುತ್ತದೆ. ಎಲುಬು ಒತ್ತುವ ಕಡೆ, ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ಎದ್ದು ಕಾಣುವ ಗಾಯ ಬಹುಪಾಲು ಒಂದೇ ಭಂಗಿಯಲ್ಲಿ ದೀರ್ಘಕಾಲ ಮಲಗಿದ್ದರಿಂದಾದ ಒತ್ತಡದ ಹುಣ್ಣು. ಮೈಯಡಿಯಲ್ಲಿ ನಿಂತ ಔಷಧ ದ್ರಾವಣದಿಂದಲೂ ಚರ್ಮ ಸುಟ್ಟಂತೆ ಆಗುವುದುಂಟು. ಚಿಕಿತ್ಸೆ ಮೂರಕ್ಕೂ ಬೇರೆಬೇರೆಯಾದ್ದರಿಂದ ವೈದ್ಯರಿಗೆ ತೋರಿಸಲು ತಡಮಾಡಬೇಡಿ, ಗಾಯದ ಫೋಟೊವನ್ನು ದಿನಾಂಕ, ಸಮಯದೊಂದಿಗೆ ಇಟ್ಟುಕೊಳ್ಳಿ. ಸುಟ್ಟಗಾಯದ ಅನುಮಾನ ಓಟಿಯಲ್ಲೇ ಬಂದಿದ್ದರೆ, ಆಸ್ಪತ್ರೆಯವರು ಆ ಪ್ಲೇಟನ್ನೂ ತಂತಿಯನ್ನೂ ಕಸಕ್ಕೆ ಹಾಕದೆ ಎತ್ತಿಟ್ಟು, ಯಂತ್ರವನ್ನು ಪರೀಕ್ಷೆಯಾಗುವವರೆಗೆ ಬಳಕೆಯಿಂದ ಹೊರಗಿಡಬೇಕು.